ಜನನ ಪ್ರಮಾಣಪತ್ರ ಫೋನಿನ ವಾಲೆಟ್‌ಗೆ ಬಂದರೆ ನಿಜವಾಗಿ ಏನು ಬದಲಾಗುತ್ತದೆ?

ಕಡತಪ್ರಿಯೆ
ಜನನ, ಮರಣ, ಮದುವೆ ಪ್ರಮಾಣಪತ್ರಗಳನ್ನು ಡಿಜಿಟಲ್ ಆಗಿ ಕೊಡುವ ಬಗ್ಗೆ ಈಗ ಎಲ್ಲ ಕಡೆ ಮಾತು. ಸ್ಕ್ಯಾನ್ ಮಾಡಿದ ಪ್ರತಿ ಅಲ್ಲ. ಫೋನಿನ ವಾಲೆಟ್‌ನಲ್ಲಿ, ಅಂದರೆ ದಾಖಲೆಗಳನ್ನು ಇಟ್ಟುಕೊಳ್ಳುವ ಆ್ಯಪ್‌ನಲ್ಲಿ, ಇರುತ್ತದಂತೆ. ಕೇಳಿದವರಿಗೆ ತೋರಿಸಿದರೆ ಅವರ ಆ್ಯಪೇ ಅಸಲಿಯೋ ನಕಲಿಯೋ ಹೇಳುತ್ತದಂತೆ.

ನಾನು ಕೌಂಟರಿನ ಒಳಗೆ ಕೂರುವವಳು. ಅರ್ಜಿ ಜೊತೆ ಬಂದ ಪ್ರಮಾಣಪತ್ರ ನೋಡಿ ಟಿಕ್ ಹಾಕುವುದು ನನ್ನ ಕೆಲಸ. ನಿಜ ಹೇಳಬೇಕೆಂದರೆ, ಸೀಲು ಮಸುಕಾಗಿದ್ದರೆ ಬೆಳಕಿಗೆ ಹಿಡಿದು ನೋಡುತ್ತೇನೆ, ಅಷ್ಟೇ ನನ್ನ ತಪಾಸಣೆ. ಹಾಗಾಗಿ ಹೊಸ ವ್ಯವಸ್ಥೆ ಬಂದರೆ ನನಗೆ ಖುಷಿಯೇ. ಆದರೆ ಮೂರು ಅನುಮಾನ ಉಳಿದಿವೆ. ಈಗಲೂ ಪಿಡಿಎಫ್ ಮೇಲೆ ಕ್ಯೂಆರ್ ಕೋಡ್ ಇರುತ್ತದೆ, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ? ಹುಟ್ಟಿದ ಮಗುವಿಗೆ ಫೋನಿಲ್ಲ, ಹಾಗಾದರೆ ವಾಲೆಟ್ ಯಾರದು? ಎಪ್ಪತ್ತು ವರ್ಷ ಆದಮೇಲೆ ಇದು ತೆರೆಯುತ್ತದಾ?

ತಿಳಿದವರು ಹೇಳಿ. ಮಾರಾಟದ ಮಾತು ಬೇಡ, ಅದು ಮೀಟಿಂಗ್‌ಗಳಲ್ಲಿ ಬೇಕಾದಷ್ಟು ಸಿಗುತ್ತದೆ.

ಸೊನ್ನೆಒಂದು
ಮೊದಲನೆಯದಕ್ಕೆ ನಾನು ಉತ್ತರ ಕೊಡುತ್ತೇನೆ.

ಕ್ಯೂಆರ್ ಕೋಡ್‌ಗಳಲ್ಲೇ ಎರಡು ಬಗೆ ಇವೆ. ಒಂದರಲ್ಲಿ ಬರೀ ವೆಬ್ ವಿಳಾಸ ಇರುತ್ತದೆ. ಸ್ಕ್ಯಾನ್ ಮಾಡಿದರೆ ಪುಟ ತೆರೆದು ಹಸಿರು ಟಿಕ್ ತೋರಿಸುತ್ತದೆ. ನಕಲಿ ಮಾಡುವವನು ಪ್ರಮಾಣಪತ್ರದ ಜೊತೆ ಅದೇ ಥರದ ವೆಬ್ ಪುಟವನ್ನೂ ಮಾಡಿಟ್ಟರೆ ಮುಗೀತು. ವಿಳಾಸದಲ್ಲಿ ಒಂದಕ್ಷರ ಬೇರೆ ಇದ್ದರೆ ಯಾರು ನೋಡುತ್ತಾರೆ? ಇನ್ನೊಂದು ಬಗೆಯಲ್ಲಿ ಮಾಹಿತಿ, ಕೊಟ್ಟ ಕಚೇರಿಯ ಡಿಜಿಟಲ್ ಸಹಿ ಎರಡೂ ಕೋಡ್ ಒಳಗೇ ಇರುತ್ತವೆ. ಆ ಕಚೇರಿಯ ಸಾರ್ವಜನಿಕ ಕೀಲಿ (ಸಹಿ ಅವರದ್ದೇನಾ ಅಂತ ನೋಡಲು ಎಲ್ಲರಿಗೂ ಕೊಡುವ ಸಂಖ್ಯೆ) ನಿಮ್ಮ ಹತ್ತಿರ ಇದ್ದರೆ ನೆಟ್ ಇಲ್ಲದೆಯೂ ಪರೀಕ್ಷೆ ಮಾಡಬಹುದು.

ವಾಲೆಟ್‌ನದು ಇನ್ನೊಂದು ಹೆಜ್ಜೆ ಮುಂದೆ. ವೆಬ್‌ನ ಮಾನದಂಡಗಳನ್ನು ಮಾಡುವ ಡಬ್ಲ್ಯೂಥ್ರೀಸಿ ಸಂಸ್ಥೆ 2019ರಲ್ಲಿ ಇದಕ್ಕೊಂದು ಮಾದರಿ ಹೊರತಂದಿತು, 2025ರಲ್ಲಿ ಅದರ 2.0 ಬಂತು. ಕೊಡುವವರು, ಇಟ್ಟುಕೊಳ್ಳುವವರು, ಪರಿಶೀಲಿಸುವವರು ಅಂತ ಮೂವರು. ಮೊಬೈಲ್ ಡ್ರೈವಿಂಗ್ ಲೈಸೆನ್ಸ್‌ಗೆ ಐಎಸ್ಒ 18013-5 ಅಂತ ಬೇರೆ ಮಾನದಂಡ 2021ರಲ್ಲಿ ಬಂತು. ಇವನ್ನು ಸರಿಯಾಗಿ ಬಳಸಿದರೆ ಬೇಕಾದಷ್ಟೇ ತೋರಿಸಬಹುದು. ನಿಮಗೆ ಬೇಕಾಗಿರುವುದು ಹುಟ್ಟಿದ ತಾರೀಕು ಮಾತ್ರ ಅಲ್ವಾ? ತಂದೆ ತಾಯಿ ಹೆಸರು, ವಿಳಾಸ, ಆಸ್ಪತ್ರೆ ಎಲ್ಲ ನಿಮಗೆ ಯಾಕೆ? ಕಾಗದದಲ್ಲಿ ಎಲ್ಲವೂ ಒಟ್ಟಿಗೆ ಬರುತ್ತದೆ, ಇಲ್ಲಿ ಬಿಡಿಸಿ ಕೊಡಬಹುದು.

ಹಳೇಗುಮಾಸ್ತ
ನೋಂದಣಿ ಕಚೇರಿಯಲ್ಲೇ ಸರ್ವೀಸ್ ಮುಗಿಸಿದವನು ನಾನು. ಎಲ್ಲರೂ ಪ್ರಮಾಣಪತ್ರದ ಬಗ್ಗೆ ಮಾತಾಡುತ್ತಿದ್ದೀರಿ. ಪ್ರಮಾಣಪತ್ರ ದಾಖಲೆಯಲ್ಲ ಸ್ವಾಮಿ, ದಾಖಲೆಯ ಉತಾರ. ದಾಖಲೆ ಇರುವುದು ರಿಜಿಸ್ಟರ್‌ನಲ್ಲಿ. ರಿಜಿಸ್ಟರ್‌ನಲ್ಲಿ ತಪ್ಪು ಬರೆದಿದ್ದರೆ ಉತಾರ ಕಾಗದದ ಮೇಲಿರಲಿ ಫೋನಿನಲ್ಲಿರಲಿ, ತಪ್ಪೇ.

ಹಾಗಂತ ಕಾಗದವನ್ನು ಹೊಗಳುತ್ತಿಲ್ಲ. ಅಮೆರಿಕದಲ್ಲಿ ಜನನ ಪ್ರಮಾಣಪತ್ರದ ವಂಚನೆ ಬಗ್ಗೆ 2000ದಲ್ಲಿ ಒಂದು ಸರ್ಕಾರಿ ವರದಿ ಬಂದಿತ್ತು. ಚಲಾವಣೆಯಲ್ಲಿ 14,000ಕ್ಕೂ ಹೆಚ್ಚು ಬಗೆಯ ಪ್ರಮಾಣಪತ್ರಗಳಿವೆ ಅಂತ ಅದರಲ್ಲಿತ್ತು. ಯಾವ ಊರಿನ ಯಾವ ವರ್ಷದ ಸೀಲು ಹೇಗಿತ್ತು ಅಂತ ಕೌಂಟರಿನಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು? ಕಡತಪ್ರಿಯೆ ಅವರು ಬೆಳಕಿಗೆ ಹಿಡಿಯುತ್ತಾರಲ್ಲ, ಹೆಚ್ಚಿನವರು ಅದನ್ನೂ ಮಾಡುವುದಿಲ್ಲ.

ಚುಟುಕು
ಅಂದರೆ ಇನ್ನುಮುಂದೆ ಸುಳ್ಳಿಗೂ ಡಿಜಿಟಲ್ ಸಹಿ ಬೀಳುತ್ತದೆ ಅಂತಾಯ್ತು.

ಕರಿಕೋಟು
ತಮಾಷೆಯಲ್ಲ, ಆಗಿಯೇ ಹೋಗಿದೆ. ಯುರೋಪಿನ ಕೋವಿಡ್ ಪ್ರಮಾಣಪತ್ರ ನೆನಪಿದೆಯಾ? 2021ರ ಜುಲೈನಲ್ಲಿ ಶುರುವಾಯಿತು. ಸಹಿ ಒಳಗೇ ಇರುವ ಕ್ಯೂಆರ್, ನೆಟ್ ಬೇಡ, ಎಲ್ಲ ಚೆನ್ನಾಗಿಯೇ ಇತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಡಾಲ್ಫ್ ಹಿಟ್ಲರ್ ಹೆಸರಿನ ಪ್ರಮಾಣಪತ್ರಗಳು ಓಡಾಡತೊಡಗಿದವು. ಪರೀಕ್ಷೆ ಮಾಡುವ ಆ್ಯಪ್‌ಗಳು ಅವನ್ನೂ ಸರಿ ಅಂತಲೇ ತೋರಿಸಿದವು. ಸಹಿಯ ಗಣಿತವನ್ನು ಯಾರೂ ಮುರಿದಿರಲಿಲ್ಲ. ಪ್ರಮಾಣಪತ್ರ ಕೊಡುವ ಕಡೆಯೇ ದುರುಪಯೋಗ ಆಗಿತ್ತು. ಸಹಿ ನೂರಕ್ಕೆ ನೂರು ನಿಜ, ಒಳಗಿದ್ದ ಮಾಹಿತಿ ಸುಳ್ಳು.

ಈಗ ಇದನ್ನು ಜನನ ನೋಂದಣಿಗೆ ಹಚ್ಚಿ ನೋಡಿ. ಇದು ಕೆಲವು ತಿಂಗಳ ಪ್ರವಾಸಕ್ಕೆ ಬೇಕಾದ ಲಸಿಕೆ ಚೀಟಿಯಲ್ಲ. ಪಾಸ್‌ಪೋರ್ಟ್, ಪೌರತ್ವ, ಆಸ್ತಿ ಎಲ್ಲಕ್ಕೂ ಬುಡ ಇದೇ. ಒಬ್ಬ ಸಿಬ್ಬಂದಿಯ ಲಾಗಿನ್ ಸಾಕು, ಹುಟ್ಟದೇ ಇರುವ ಮಗುವಿಗೆ ಪಕ್ಕಾ ಪ್ರಮಾಣಪತ್ರ ಬಂದುಬಿಡುತ್ತದೆ. ಕಾಗದದ ನಕಲಿಯನ್ನಾದರೂ ಹಿಡಿಯಬಹುದಿತ್ತು.

ಸೊನ್ನೆಒಂದು
ಕರಿಕೋಟು ಅವರೇ, ಲಾಗಿನ್ ಕದ್ದರೆ ಈಗಲೂ ಅಸಲಿ ಕಾಗದದ ಮೇಲೇ ಪ್ರಿಂಟ್ ಬರುತ್ತದಲ್ಲ? ಅದು ಡಿಜಿಟಲ್‌ನ ಹೊಸ ರೋಗ ಅಲ್ಲ. ಯಾರ ಲಾಗಿನ್‌ನಿಂದ ಯಾವಾಗ ಹೊರಟಿತು ಅನ್ನುವುದು ಇಲ್ಲಿ ಉಳಿಯುತ್ತದೆ, ಕಂಡುಹಿಡಿದ ಮೇಲೆ ಅದೊಂದನ್ನೇ ರದ್ದು ಮಾಡಬಹುದು. ಹೊರಗೆ ಹೋದ ಕಾಗದವನ್ನು ವಾಪಸ್ ತರಿಸುವವರು ಯಾರು?

ರಾತ್ರಿಪಾಳಿ
ಹೆರಿಗೆ ವಾರ್ಡಿನ ನರ್ಸ್ ನಾನು. ನಿಮ್ಮ ಸಹಿ, ಕೀಲಿ ನನಗೆ ಅರ್ಥವಾಗುವುದಿಲ್ಲ, ಆದರೆ ಆ ಮಾಹಿತಿ ಹುಟ್ಟುವ ಜಾಗ ನನಗೆ ಗೊತ್ತು. ಪಾಳಿ ಬದಲಾಗುವ ಹೊತ್ತಿಗೆ, ಸುಸ್ತಾಗಿರುವ ಒಬ್ಬಳು ಫಾರಂ ತುಂಬುತ್ತಾಳೆ. ತಾಯಿ ಹೆಸರನ್ನು ಕೇಸ್ ಶೀಟ್ ನೋಡಿ ಬರೆಯುವುದು. ಕೇಸ್ ಶೀಟ್‌ನಲ್ಲಿ ಬರೆದದ್ದು ದಾಖಲಾತಿ ಕೌಂಟರಿನವರು ಕಿವಿಗೆ ಬಿದ್ದ ಹಾಗೆ. ಮಗುವಿಗೆ ಇನ್ನೂ ಹೆಸರಿರುವುದಿಲ್ಲ, ಆ ಕಾಲಂ ಖಾಲಿ. ಹೆಸರು ಸೇರಿಸುವುದು ಆಮೇಲೆ, ಕೆಲವರು ಸೇರಿಸುವುದೇ ಇಲ್ಲ.

ಹಾಗಾಗಿ ಒಂದು ಪ್ರಶ್ನೆ. ಹೆಸರಿಲ್ಲದ ಮಗುವಿಗೆ ಮೊದಲ ದಿನವೇ ಡಿಜಿಟಲ್ ಪತ್ರ ಕೊಟ್ಟರೆ, ಹೆಸರಿಟ್ಟ ಮೇಲೆ ಅದು ಏನಾಗುತ್ತದೆ?

ಸೊನ್ನೆಒಂದು
ಒಳ್ಳೆ ಪ್ರಶ್ನೆ ಮೇಡಂ. ಸಹಿ ಆದಮೇಲೆ ಒಂದಕ್ಷರವೂ ಬದಲಾಗುವ ಹಾಗಿಲ್ಲ, ಬದಲಾದರೆ ಸಹಿ ಕೂಡುವುದಿಲ್ಲ. ಆದ್ದರಿಂದ ಹಳೆಯದನ್ನು ರದ್ದು ಮಾಡಿ ಹೊಸದು ಕೊಡಬೇಕು.

ರದ್ದು ಮಾಡುವುದು ಹೇಗೆ ಅನ್ನುವುದರಲ್ಲೇ ಮಜಾ ಇದೆ. ಸುಲಭದ ದಾರಿ ಅಂದರೆ ಪರಿಶೀಲಿಸುವವರು ಪ್ರತಿ ಸಲ ನೋಂದಣಿ ಕಚೇರಿಯ ಸರ್ವರ್‌ಗೆ "ಇದು ಇನ್ನೂ ಚಾಲ್ತಿಯಲ್ಲಿದೆಯಾ" ಅಂತ ಕೇಳುವುದು. ಹಾಗೆ ಮಾಡಿದರೆ ನಿಮ್ಮ ಪ್ರಮಾಣಪತ್ರವನ್ನು ಯಾವತ್ತು, ಎಲ್ಲಿ ತೋರಿಸಿದಿರಿ ಅನ್ನುವುದೆಲ್ಲ ಆ ಸರ್ವರ್‌ಗೆ ಗೊತ್ತಾಗುತ್ತದೆ. ಅದಕ್ಕೆ ಡಬ್ಲ್ಯೂಥ್ರೀಸಿಯವರು ಬೇರೆ ಉಪಾಯ ಮಾಡಿದ್ದಾರೆ. ಕಡಿಮೆಯೆಂದರೆ 1,31,072 ಬಿಟ್‌ಗಳ ಒಂದು ಉದ್ದನೆಯ ಪಟ್ಟಿ. ಪ್ರತಿ ಪತ್ರಕ್ಕೂ ಅದರಲ್ಲೊಂದು ಜಾಗ. 0 ಇದ್ದರೆ ಚಾಲ್ತಿ, 1 ಇದ್ದರೆ ರದ್ದು. ಪರಿಶೀಲಿಸುವವರು ಇಡೀ ಪಟ್ಟಿಯನ್ನೇ ಇಳಿಸಿಕೊಳ್ಳುತ್ತಾರೆ, 16 ಕೆಬಿ ಅಷ್ಟೇ. ಅವರು ಯಾರನ್ನು ಹುಡುಕಿದರು ಅಂತ ಕೊಟ್ಟವರಿಗೆ ತಿಳಿಯುವುದಿಲ್ಲ.

ಕರಿಕೋಟು
ದತ್ತು ಪ್ರಕರಣ ಬಂದರೆ ಆ ಉಪಾಯ ಏನು ಮಾಡುತ್ತದೆ? ಎಷ್ಟೋ ಕಡೆ ದತ್ತು ಆದಮೇಲೆ ಮೂಲ ಜನನ ದಾಖಲೆಯನ್ನು ಮುಚ್ಚಿಟ್ಟು, ದತ್ತು ತಂದೆತಾಯಿ ಹೆಸರಿನಲ್ಲಿ ಹೊಸದು ಕೊಡುತ್ತಾರೆ. ಹೊಸದನ್ನು ನೋಡಿದವರಿಗೆ ಹಳೆಯದು ಇತ್ತು ಅನ್ನುವ ಸುಳಿವೂ ಸಿಗಬಾರದು, ಅದು ಅದರ ಉದ್ದೇಶ. ಆದರೆ ಹಳೆಯ ಪತ್ರ ಹೆತ್ತವರ ಫೋನಿನಲ್ಲಿ ಉಳಿದೇ ಇರುತ್ತದೆ. "ರದ್ದಾಗಿದೆ" ಅನ್ನುವ ಗುರುತೇ ಒಂದು ಸುದ್ದಿ. ಹೊಸ ಪತ್ರ ಕೊಟ್ಟ ದಿನಾಂಕ ಹುಟ್ಟಿದ ದಿನದಿಂದ ನಾಲ್ಕು ವರ್ಷ ದೂರ ಇದ್ದರೆ, ಅದೂ ಒಂದು ಸುದ್ದಿ.

ಲಿಂಗದ ಕಾಲಂ ತಿದ್ದಿಸಿಕೊಂಡವರ ಕಥೆಯೂ ಇದೇ. ತಾಂತ್ರಿಕವಾಗಿ ಸರಿ ಇರುವ ಮಾಹಿತಿಯೇ ಒಬ್ಬರ ಗುಟ್ಟನ್ನು ಹೊರಹಾಕಬಹುದು. ಮಾದರಿ ಬರೆಯುವವರು ಮೊದಲು ಇಂಥ ಪ್ರಕರಣ ಇಟ್ಟುಕೊಂಡು ಕೂರಬೇಕು. ಎಲ್ಲ ಡೆಮೊಗಳಲ್ಲೂ ಒಬ್ಬ ತಾಯಿ, ಒಬ್ಬ ತಂದೆ, ನಗುವ ಮಗು, ತಪ್ಪಿಲ್ಲದ ಹೆಸರು.

ಕಡತಪ್ರಿಯೆ
ಎರಡನೇ ಪ್ರಶ್ನೆಗೆ ಯಾರೂ ಬರಲಿಲ್ಲ. ವಾಲೆಟ್ ಯಾರದು?

ಸೊನ್ನೆಒಂದು
ಅಪ್ಪ ಅಮ್ಮ ಇಬ್ಬರಿಗೂ ಒಂದೊಂದು ಕೊಡುವುದು ಒಂದು ದಾರಿ. ಮಗು ವಯಸ್ಕ ಆದಮೇಲೆ ಅದರ ಸ್ವಂತ ವಾಲೆಟ್‌ಗೆ ಹೊಸದು ಕೊಡುವುದು. ಅಲ್ಲಿಯವರೆಗೆ ಪೋಷಕರು "ಇದು ನನ್ನ ಮಗುವಿನದು" ಅಂತ ತೋರಿಸುತ್ತಾರೆ.

ಕರಿಕೋಟು
ಇಬ್ಬರೂ ಬೇರೆಯಾದರೆ? ಕೋರ್ಟು ಒಬ್ಬರಿಗೆ ಮಾತ್ರ ಮಗುವನ್ನು ಒಪ್ಪಿಸಿದರೆ? ಜನನ ದಾಖಲೆ ಹಾಗೇ ಇರಬೇಕು, ಇನ್ನೊಬ್ಬರ ಅಧಿಕಾರ ಮಾತ್ರ ಹೋಗಬೇಕು. ಅಂದರೆ ಹುಟ್ಟು ಒಂದು ಪತ್ರ, ಪೋಷಕತ್ವ ಇನ್ನೊಂದು ಪತ್ರ ಆಗಬೇಕು. ಎರಡನ್ನೂ ಒಂದೇ ಕಡತದಲ್ಲಿ ತುರುಕಿದವರು ಆಮೇಲೆ ಒದ್ದಾಡುತ್ತಾರೆ.

ಹಳೇಗುಮಾಸ್ತ
ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಹದಿನೆಂಟು ತುಂಬಿದವನು ಬಂದು "ಇದು ನನ್ನ ಜನನ ದಾಖಲೆ, ನನ್ನ ಫೋನಿಗೆ ಹಾಕಿ" ಅಂದರೆ, ಇವನೇ ಅವನು ಅಂತ ಹೇಗೆ ಗೊತ್ತು? ಜನನ ಪ್ರಮಾಣಪತ್ರದಲ್ಲಿ ಫೋಟೋ ಇಲ್ಲ, ಬೆರಳಚ್ಚಿಲ್ಲ. ಇಂಥ ದಿನ, ಇಂಥ ಜಾಗದಲ್ಲಿ, ಇಂಥವರಿಗೆ ಒಂದು ಮಗು ಹುಟ್ಟಿತು ಅಂತ ಮಾತ್ರ ಅದು ಹೇಳುತ್ತದೆ. ಎದುರಿಗೆ ನಿಂತವನು ಆ ಮಗುವೇ ಅಂತ ಅದು ಯಾವತ್ತೂ ಹೇಳಿಲ್ಲ.

ನಮ್ಮ ಕಾಲದಲ್ಲಿ ಬೇರೊಂದು ಗುರುತಿನ ಚೀಟಿ ನೋಡುತ್ತಿದ್ದೆವು. ಆ ಚೀಟಿ ಕೊಟ್ಟಿದ್ದು ಯಾವುದನ್ನು ನೋಡಿ? ಜನನ ಪ್ರಮಾಣಪತ್ರ!

ಸೊನ್ನೆಒಂದು
ಇದು ನಿಜ, ಇದಕ್ಕೆ ಕ್ರಿಪ್ಟೋಗ್ರಫಿಯಲ್ಲಿ ಔಷಧ ಇಲ್ಲ. ಈ ಪತ್ರ ಕೊಟ್ಟಿದ್ದು ಇದೇ ಫೋನಿಗೆ ಅಂತ ಸಾಬೀತು ಮಾಡಬಹುದು. ಫೋನ್ ಹಿಡಿದವನು ಯಾರು ಅನ್ನುವುದು ಬೇರೆ ಪ್ರಶ್ನೆ. ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಫೋಟೋ ಇರುವುದರಿಂದ ಅಲ್ಲಿ ಸಲೀಸು. ಒಂದು ದಿನದ ಕೂಸಿನ ಫೋಟೋ ಹಾಕಿ ಏನು ಪ್ರಯೋಜನ?

ಸರಪಳಿ
ಇಷ್ಟು ಹೊತ್ತಾದರೂ ಬ್ಲಾಕ್‌ಚೈನ್ ಹೆಸರನ್ನು ಯಾರೂ ಎತ್ತಿಲ್ಲವಲ್ಲ! ಹಲವು ಕಂಪ್ಯೂಟರ್‌ಗಳಲ್ಲಿ ಒಟ್ಟಿಗೆ ಇಡುವ ದಾಖಲೆ ಪುಸ್ತಕ ಅದು. ಅಮೆರಿಕದ ಇಲಿನಾಯ್ ರಾಜ್ಯ 2017ರಲ್ಲೇ ಜನನ ನೋಂದಣಿಗೆ ಪ್ರಯೋಗ ಮಾಡಿತ್ತು. ಕ್ಯಾಲಿಫೋರ್ನಿಯಾ 2022ರಲ್ಲಿ ಎಸ್‌ಬಿ 786 ಅನ್ನುವ ಕಾನೂನು ಮಾಡಿ, ಕೌಂಟಿಗಳು ಜನನ, ಮರಣ, ಮದುವೆ ದಾಖಲೆಗಳ ಪ್ರತಿಯನ್ನು ಬ್ಲಾಕ್‌ಚೈನ್ ಬಳಸಿ ಡಿಜಿಟಲ್ ಆಗಿ ಕೊಡಲು ಅವಕಾಶ ಕೊಟ್ಟಿದೆ. ಒಮ್ಮೆ ಬರೆದರೆ ಯಾರೂ ಅಳಿಸಲಾಗದು, ಯಾವ ಅಧಿಕಾರಿಗೂ ಲಂಚ ಕೊಟ್ಟು ತಿದ್ದಿಸಲಾಗದು.

ಕರಿಕೋಟು
ಯಾರೂ ಅಳಿಸಲಾಗದು ಅನ್ನುವುದೇ ಸಮಸ್ಯೆ. ದತ್ತು ಬಗ್ಗೆ ಈಗಷ್ಟೇ ಬರೆದೆನಲ್ಲ. ಸ್ವಲ್ಪ ಮೇಲೆ ಹೋಗಿ ಓದಿ.

ಸರಪಳಿ
ಮಾಹಿತಿಯನ್ನು ಅಲ್ಲಿ ಹಾಕುವುದಿಲ್ಲ ಸರ್, ಅದರ ಹ್ಯಾಶ್ ಮಾತ್ರ, ಅಂದರೆ ಮಾಹಿತಿಯಿಂದ ಲೆಕ್ಕ ಹಾಕಿ ತೆಗೆದ, ಬೆರಳಚ್ಚಿನಂಥ ಒಂದು ಸಂಖ್ಯೆ. ಹ್ಯಾಶ್ ನೋಡಿ ಮಾಹಿತಿ ತಿಳಿಯಲು ಆಗುವುದಿಲ್ಲ.

ಸೊನ್ನೆಒಂದು
ಬರೀ ಹ್ಯಾಶ್ ಆದರೆ ಧಾರಾಳವಾಗಿ ತಿಳಿಯಬಹುದು. ನೂರು ವರ್ಷದಲ್ಲಿ ಇರುವುದು ಸುಮಾರು 36,525 ದಿನ. ನಿಮ್ಮ ಹೆಸರು ಗೊತ್ತಿದ್ದವನು ಎಲ್ಲ ತಾರೀಕುಗಳನ್ನೂ ಒಂದೊಂದಾಗಿ ಹಾಕಿ ನೋಡಿದರೆ ಲ್ಯಾಪ್‌ಟಾಪ್‌ನಲ್ಲಿ ಕಣ್ಣು ಮಿಟುಕಿಸುವುದರೊಳಗೆ ಸಿಗುತ್ತದೆ. ಅದಕ್ಕೇ ಪ್ರತಿ ಕಾಲಂಗೂ ಬೇರೆ ಬೇರೆ ಗುಟ್ಟಿನ ಸಂಖ್ಯೆ ಸೇರಿಸಿ ಹ್ಯಾಶ್ ಮಾಡಬೇಕು, ಲೈಸೆನ್ಸ್‌ನ ಐಎಸ್ಒ ಮಾನದಂಡದಲ್ಲಿ ಹಾಗೇ ಮಾಡುತ್ತಾರೆ. ವೈಯಕ್ತಿಕ ಮಾಹಿತಿಯ ಹ್ಯಾಶ್ ಕೂಡ ಚೈನ್ ಮೇಲೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಕಚೇರಿಗಳ ಸಾರ್ವಜನಿಕ ಕೀಲಿಗಳನ್ನು ಬೇಕಾದರೆ ಅಲ್ಲಿ ಇಡಿ. ಅದಕ್ಕೂ ಸಾದಾ ವೆಬ್‌ಸೈಟ್ ಸಾಕು.

ಸರಪಳಿ
ಸಾದಾ ವೆಬ್‌ಸೈಟ್ ಹ್ಯಾಕ್ ಆದರೆ ಆಗ ನನ್ನ ಹತ್ತಿರ ಬನ್ನಿ.

ಮೂರನೇಸಾಲು
ಜನನದ ಗದ್ದಲದಲ್ಲಿ ಮರಣವನ್ನು ಮರೆತಿದ್ದೀರಿ. ನಮ್ಮ ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡಾಗ ಬ್ಯಾಂಕು, ವಿಮೆ, ಪಿಂಚಣಿ, ಎಲ್ಲರೂ "ಮೂಲ ಪ್ರತಿ" ಕೇಳಿದರು. ಕೆಲವರು ಅದನ್ನು ಇಟ್ಟುಕೊಂಡೇಬಿಟ್ಟರು. ಒಂದು ಕಚೇರಿ ನಮ್ಮ ಪ್ರತಿಯನ್ನು ಕಳೆದುಹಾಕಿ ಮತ್ತೆ ತನ್ನಿ ಅಂದಿತು. ದುಃಖದಲ್ಲಿರುವವರು ಕೌಂಟರ್ ಕೌಂಟರ್ ಅಲೆಯಬೇಕು. ಎಷ್ಟು ಜನಕ್ಕೆ ತೋರಿಸಿದರೂ ನಮ್ಮ ಹತ್ತಿರವೇ ಉಳಿಯುವ ಪತ್ರ ಸಿಕ್ಕರೆ ಅದೊಂದೇ ಕಾರಣಕ್ಕೆ ನಾನು ಇದಕ್ಕೆ ಓಟು ಹಾಕುತ್ತೇನೆ.

ಆದರೆ ಒಂದು ವಿಷಯ ಹೇಳಿ. ತೀರಿಕೊಂಡವರ ಫೋನು ಲಾಕ್. ಅವರ ಮದುವೆ ಪ್ರಮಾಣಪತ್ರ, ಅವರ ಜನನ ಪ್ರಮಾಣಪತ್ರ ಎಲ್ಲ ಅದರೊಳಗೆ. ಕಬ್ಬಿಣದ ಬೀರುವಿನಲ್ಲಿ ಇದ್ದಿದ್ದರೆ ಬೀಗ ಒಡೆದಾದರೂ ತೆಗೆಯುತ್ತಿದ್ದೆವು.

ಹಳೇಗುಮಾಸ್ತ
ರಿಜಿಸ್ಟರ್ ಇದೆಯಲ್ಲ, ವಾರಸುದಾರರು ಹೊಸ ಉತಾರ ತೆಗೆದುಕೊಳ್ಳಬಹುದು. ಫೋನಿನ ಜೊತೆ ಏನೂ ಸಾಯುವುದಿಲ್ಲ.

ಮರಣದ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಜನನ ಮತ್ತು ಮರಣ ರಿಜಿಸ್ಟರ್‌ಗಳನ್ನು ಒಂದಕ್ಕೊಂದು ತಾಳೆ ನೋಡದಿದ್ದರೆ ಭಾರೀ ಅಪಾಯ. ಎಳವೆಯಲ್ಲೇ ತೀರಿಕೊಂಡ ಮಗುವಿನ ಜನನ ಪ್ರಮಾಣಪತ್ರ ತೆಗೆಸಿಕೊಂಡು, ಆ ಹೆಸರಿನಲ್ಲಿ ಪಾಸ್‌ಪೋರ್ಟ್ ಮಾಡಿಸುವುದು ಬಹಳ ಹಳೆಯ ವಂಚನೆ. ಮರಣ ನೋಂದಣಿ ಆದ ಕ್ಷಣ ಜನನ ದಾಖಲೆಗೂ ಗುರುತು ಬೀಳಬೇಕು. ಫ್ರಾನ್ಸ್‌ನವರು ಮದುವೆ, ವಿಚ್ಛೇದನ, ಮರಣ ಎಲ್ಲವನ್ನೂ ಜನನ ದಾಖಲೆಯ ಅಂಚಿನಲ್ಲೇ ಬರೆಯುತ್ತಾರೆ. ಅದಕ್ಕೇ ಅಲ್ಲಿ ಮದುವೆಗೆ ಹಳೆಯ ಉತಾರ ನಡೆಯುವುದಿಲ್ಲ, ಹೊಸದಾಗಿ ತೆಗೆದದ್ದೇ ಬೇಕು.

ಬೇರುಹುಡುಕಿ
ವಂಶವೃಕ್ಷ ಹುಡುಕುವ ಹುಚ್ಚು ನನಗೆ, ಸ್ವಲ್ಪ ದಾರಿ ತಪ್ಪಿಸುತ್ತೇನೆ. ಫ್ರಾನ್ಸ್ ಅಂದಿದ್ದಕ್ಕೆ ಪ್ಯಾರಿಸ್ ನೆನಪಾಯಿತು. ಅಲ್ಲಿ ಜನನ ಮರಣ ರಿಜಿಸ್ಟರ್‌ಗಳ ಎರಡು ಪ್ರತಿ ಇದ್ದವು. ಒಂದು ನಗರ ಸಭಾಭವನದಲ್ಲಿ, ಇನ್ನೊಂದು ನ್ಯಾಯಾಲಯದಲ್ಲಿ. 1871ರ ಮೇ ತಿಂಗಳ ದಂಗೆಯಲ್ಲಿ ಎರಡು ಕಟ್ಟಡಗಳಿಗೂ ಬೆಂಕಿ ಬಿತ್ತು. 1860ಕ್ಕಿಂತ ಹಿಂದಿನ ದಾಖಲೆಗಳೆಲ್ಲ ಹೋದವು. ಆಮೇಲೆ ಮನೆಮನೆಯಲ್ಲಿ ಇದ್ದ ಉತಾರಗಳು, ಚರ್ಚಿನ ಪುಸ್ತಕಗಳು, ವಕೀಲರ ಕಡತ ಎಲ್ಲ ಸೇರಿಸಿ ಸುಮಾರು ಮೂರನೇ ಒಂದು ಭಾಗ ಮಾತ್ರ ಮತ್ತೆ ಕಟ್ಟಲು ಆಯಿತು.

ಹಳೇಗುಮಾಸ್ತರು "ರಿಜಿಸ್ಟರ್ ಇದೆಯಲ್ಲ" ಅಂದರು. ಅಲ್ಲಿ ರಿಜಿಸ್ಟರ್ ಹೋಗಿತ್ತು, ಜನರ ಕೈಯಲ್ಲಿದ್ದ ಉತಾರವೇ ಕಾಪಾಡಿದ್ದು. ಜನರ ವಾಲೆಟ್‌ನಲ್ಲಿ ಸಹಿ ಇರುವ ಪ್ರತಿ ಇದ್ದರೆ ಅದು ಸುಮ್ನೆ ಅನುಕೂಲ ಅಲ್ಲ, ಬ್ಯಾಕಪ್ ಕೂಡ.

ಕಡತಪ್ರಿಯೆ
ಇದು ನಾನು ಯೋಚಿಸಿರದ ವಿಷಯ. ಹಾಗಾದರೆ ಮೂರನೇ ಪ್ರಶ್ನೆ ಇನ್ನೂ ಮುಖ್ಯ ಆಯಿತು. ಎಪ್ಪತ್ತು ವರ್ಷ ಉಳಿಯುತ್ತದಾ?

ಸೊನ್ನೆಒಂದು
ಈಗಿನ ಸಹಿ ಉಳಿಯುವುದಿಲ್ಲ, ಅದು ಹೆಚ್ಚುಕಡಿಮೆ ಖಚಿತ. ಹಿಂದೆ ಎಲ್ಲ ಕಡೆ ಬಳಸುತ್ತಿದ್ದ ಎಸ್‌ಎಚ್‌ಎ-1 ಹ್ಯಾಶ್ ಅನ್ನು 2017ರಲ್ಲಿ ಮುರಿದು ತೋರಿಸಿದರು. ಅದೇ ವರ್ಷ ಎಸ್ಟೋನಿಯಾದಲ್ಲಿ ಗುರುತಿನ ಚೀಟಿಯ ಚಿಪ್ ಕೀಲಿಗಳನ್ನು ಮಾಡುವ ರೀತಿಯಲ್ಲೇ ದೋಷ ಸಿಕ್ಕಿತು. 7 ಲಕ್ಷಕ್ಕೂ ಹೆಚ್ಚು ಕಾರ್ಡುಗಳ ಡಿಜಿಟಲ್ ಪ್ರಮಾಣಪತ್ರಗಳನ್ನು ನವೆಂಬರ್‌ನಲ್ಲಿ ತಡೆಹಿಡಿದು, ನವೀಕರಿಸಬೇಕಾಯಿತು. ಆ ಕಾರ್ಡು ಕೆಲವು ವರ್ಷಕ್ಕೆ ಮಾತ್ರ. ಜನನ ಪ್ರಮಾಣಪತ್ರ ಒಂದು ಜೀವಮಾನಕ್ಕೆ.

ಇನ್ನು ಕ್ವಾಂಟಂ ಕಂಪ್ಯೂಟರ್, ಅದು ಬಲಿತರೆ ಈಗಿನ ಸಹಿಗಳನ್ನು ಮುರಿಯಬಲ್ಲದು. ಅದನ್ನು ತಡೆಯುವ ಹೊಸ ಸಹಿ ವಿಧಾನಗಳನ್ನು ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2024ರ ಆಗಸ್ಟ್‌ನಲ್ಲಿ ಅಂತಿಮಗೊಳಿಸಿತು. ತೊಂದರೆ ಏನಂದರೆ ಅವು ದಪ್ಪ. ಈಗ ಜಾಸ್ತಿ ಬಳಸುವ ಇಸಿಡಿಎಸ್‌ಎ ಸಹಿ 64 ಬೈಟ್. ಹೊಸ ವಿಧಾನಗಳಲ್ಲೊಂದಾದ ಎಂಎಲ್-ಡಿಎಸ್‌ಎಯ ಅತಿ ಚಿಕ್ಕ ಸಹಿಯೇ 2,420 ಬೈಟ್. ಕ್ಯೂಆರ್ ಕೋಡ್‌ನಲ್ಲಿ ಹಿಡಿಸುವುದೇ ಹೆಚ್ಚೆಂದರೆ 2,953 ಬೈಟ್. ಅಂದರೆ ಸಹಿಯೊಂದೇ ಕೋಡ್ ತುಂಬುತ್ತದೆ, ಮಗುವಿನ ಹೆಸರಿಗೆ ಮೂಲೆಯಲ್ಲಿ ಸ್ವಲ್ಪ ಜಾಗ. ಕಾಗದದ ಮೇಲೆ ಸಹಿ ಇರುವ ಕ್ಯೂಆರ್ ಅಚ್ಚು ಹಾಕಿ ಕೊಡುತ್ತೇವೆ ಅನ್ನುವವರು ಇದನ್ನು ಯೋಚಿಸಿದ್ದಾರಾ ಗೊತ್ತಿಲ್ಲ.

ಆದ್ದರಿಂದ ಒಂದೇ ಪತ್ರ ಎಪ್ಪತ್ತು ವರ್ಷ ಅನ್ನುವ ಆಸೆ ಬಿಡಿ. ಆಗಾಗ ಹೊಸ ಸಹಿಯಲ್ಲಿ ಮತ್ತೆ ಕೊಡುವುದು, ಅಷ್ಟೇ ದಾರಿ.

ಮೂರನೇಸಾಲು
ಆಗಾಗ ಅಂದರೆ ಆಗಾಗ ಶುಲ್ಕ ಕೂಡ, ಅಲ್ವಾ?

ಚುಟುಕು
ಸಿಕ್ಕಿತು ನೋಡಿ ಅಸಲಿ ಉದ್ದೇಶ.

ಒತ್ತಕ್ಷರ
ಭಾಷೆಯ ಕಡೆಯಿಂದ ಒಂದು ತಕರಾರು. ಹೆಸರುಗಳಲ್ಲಿ ಕಣ್ಣಿಗೆ ಕಾಣದ ಅಕ್ಷರಗಳಿರುತ್ತವೆ. "ರಾಮ್‌ದಾಸ್" ಅಂತ ಟೈಪ್ ಮಾಡಿದರೆ ಮ್ ಮತ್ತು ದಾ ನಡುವೆ ಝೀರೋ ವಿಡ್ತ್ ನಾನ್ ಜಾಯ್ನರ್ ಅನ್ನುವ ಅಗೋಚರ ಅಕ್ಷರ ಇರುತ್ತದೆ, ಇಲ್ಲದಿದ್ದರೆ ದ ಒತ್ತಕ್ಷರ ಆಗಿಬಿಡುತ್ತದೆ. ಹೆಸರಿನ ಕೊನೆಗೂ ಒಬ್ಬರ ಕೀಲಿಮಣೆ ಅದನ್ನು ಹಾಕುತ್ತದೆ, ಇನ್ನೊಬ್ಬರದು ಹಾಕುವುದಿಲ್ಲ. ಅಲ್ಲಿ ಎರಡೂ ಕಣ್ಣಿಗೆ ಒಂದೇ. ಯಂತ್ರಕ್ಕೆ ಬೇರೆ ಬೇರೆ ಹೆಸರು. ಜನನ ಪತ್ರ, ಮದುವೆ ಪತ್ರ ಎರಡನ್ನೂ ಆ್ಯಪ್ ತಾಳೆ ನೋಡಿ "ಹೊಂದುವುದಿಲ್ಲ" ಅಂದರೆ ಕಡತಪ್ರಿಯೆ ಅವರು ಏನು ಮಾಡುತ್ತಾರೆ? ಪರದೆಯ ಮೇಲೆ ಎರಡು ಹೆಸರೂ ಒಂದೇ ಥರ ಕಾಣುತ್ತಿರುತ್ತದೆ!

ಇನ್ನು ಬೇರೆ ಲಿಪಿಗೆ ಬರೆದಾಗಿನ ಗೋಳು ಹೇಳುವುದೇ ಬೇಡ. ಮನುಷ್ಯರಾದರೆ "ಇರಲಿ, ಒಂದಕ್ಷರ ತಾನೇ" ಅಂತ ಬಿಟ್ಟುಬಿಡುತ್ತಿದ್ದರು.

ಕಡತಪ್ರಿಯೆ
ನಾವು ಬಿಡುವುದಿಲ್ಲ ಬಿಡಿ, ಅಫಿಡವಿಟ್ ತನ್ನಿ ಅನ್ನುತ್ತೇವೆ.

ಹಳೇಗುಮಾಸ್ತ
ತಾರೀಕಿನದ್ದೂ ಇದೇ ಕಥೆ. ಹುಟ್ಟಿದ ವರ್ಷ ಮಾತ್ರ ಗೊತ್ತಿರುವ ಹಿರಿಯರು ಎಷ್ಟು ಜನ! ಕಂಪ್ಯೂಟರ್ ತಿಂಗಳು, ದಿನ ಕೇಳುತ್ತದೆ, ಗುಮಾಸ್ತ ಜನವರಿ 1 ಅಂತ ಒತ್ತುತ್ತಾನೆ. ಅಂದಾಜಿಗೆ ಹಾಕಿದ ತಾರೀಕು ಸಹಿ ಬಿದ್ದ ಮೇಲೆ ಸತ್ಯ ಆಗಿಬಿಡುತ್ತದೆ.

ಒತ್ತಕ್ಷರ
ಗೊತ್ತಿಲ್ಲದ ತಾರೀಕನ್ನು ಗೊತ್ತಿಲ್ಲ ಅಂತಲೇ ಬರೆಯುವ ಕ್ರಮ ಐಎಸ್ಒ 8601-2ರಲ್ಲಿ 2019ರಿಂದಲೇ ಇದೆ. ಫಾರಂ ಮಾಡುವವರು ಬಳಸಬೇಕಷ್ಟೇ.

ಬೇರುಹುಡುಕಿ
ನನ್ನದೊಂದು ದಂಗೆಕೋರ ಪ್ರಶ್ನೆ. ಪ್ರಮಾಣಪತ್ರವೇ ಯಾಕೆ ಬೇಕು? ಡೆನ್ಮಾರ್ಕ್‌ನಲ್ಲಿ 1968ರಿಂದ ಕೇಂದ್ರ ಜನಸಂಖ್ಯಾ ರಿಜಿಸ್ಟರ್ ಇದೆ. ಎಸ್ಟೋನಿಯಾದಲ್ಲಿ ಕಚೇರಿಗಳು 2001ರಿಂದ ಎಕ್ಸ್-ರೋಡ್ ಅನ್ನುವ ಮಾಹಿತಿ ವಿನಿಮಯ ಜಾಲದ ಮೂಲಕ ಒಂದನ್ನೊಂದು ಕೇಳುತ್ತವೆ. ಸರ್ಕಾರದ ಒಂದು ಕಚೇರಿ ಬರೆದಿಟ್ಟದ್ದನ್ನು ಇನ್ನೊಂದು ಕಚೇರಿಗೆ ನಾನೇ ಹೊತ್ತುಕೊಂಡು ಹೋಗಬೇಕಾ?

ಸೊನ್ನೆಒಂದು
ಸರ್ಕಾರದ ಒಳಗೆ ನೀವು ಹೇಳಿದ್ದೇ ಸರಿ. ಗಡಿ ದಾಟಿದರೆ? ಖಾಸಗಿಯವರು ಕೇಳಿದರೆ? ಎಲ್ಲರಿಗೂ ರಿಜಿಸ್ಟರ್ ಬಾಗಿಲು ತೆರೆಯಲು ಆಗುತ್ತದಾ? ಅಂಥ ಕಡೆ ಕೈಯಲ್ಲೊಂದು ಪತ್ರ ಬೇಕೇ ಬೇಕು.

ಕರಿಕೋಟು
ಗಡಿಯ ವಿಷಯ ನನ್ನ ದಿನದ ಕೆಲಸ. 1961ರ ಹೇಗ್ ಒಪ್ಪಂದದ ಅಪೋಸ್ಟಿಲ್, ಅಂದರೆ ಒಂದು ದೇಶದ ದಾಖಲೆ ಇನ್ನೊಂದು ದೇಶದಲ್ಲಿ ನಡೆಯಲು ಹಾಕುವ ದೃಢೀಕರಣ, ಏನು ಹೇಳುತ್ತದೆ? ಸಹಿ ಈ ಅಧಿಕಾರಿಯದ್ದೇ, ಸೀಲು ಈ ಕಚೇರಿಯದ್ದೇ, ಅಷ್ಟೇ. ಒಳಗಿನ ಮಾಹಿತಿ ನಿಜವೋ ಸುಳ್ಳೋ ಅದಕ್ಕೆ ಸಂಬಂಧವಿಲ್ಲ. ಸೊನ್ನೆಒಂದು ಅವರ ಡಿಜಿಟಲ್ ಸಹಿ ಮಾಡುವುದೂ ಅದನ್ನೇ. ಇ-ಅಪೋಸ್ಟಿಲ್ ಯೋಜನೆ 2006ರಿಂದಲೇ ಇದೆ. ಯುರೋಪ್ ಒಕ್ಕೂಟ 2016ರ ನಿಯಮದಲ್ಲಿ ಸದಸ್ಯ ದೇಶಗಳ ನಡುವೆ ಜನನ, ಮರಣ, ಮದುವೆ ಪತ್ರಗಳಿಗೆ ಅಪೋಸ್ಟಿಲ್ಲೇ ಬೇಡ ಅಂದಿತು, 2019ರ ಫೆಬ್ರವರಿಯಿಂದ ಜಾರಿ. ಹಲವು ಭಾಷೆಯ ಸಿದ್ಧ ಫಾರಂ ಕೊಟ್ಟರೆ ಅನುವಾದದ ಖರ್ಚೂ ಉಳಿಯುತ್ತದೆ.

ಕಷ್ಟ ಇರುವುದು ಬೇರೆ ಕಡೆ. ಈ ಕೀಲಿ ಆ ದೇಶದ ಆ ನೋಂದಣಾಧಿಕಾರಿಯದ್ದೇ ಅಂತ ಇಲ್ಲಿ ಕೂತವನಿಗೆ ಹೇಳುವವರು ಯಾರು? ಪಾಸ್‌ಪೋರ್ಟ್‌ಗೆ ಐಕಾವೊ ಅನ್ನುವ ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆ ಇದೆ, ದೇಶಗಳ ಕೀಲಿಗಳನ್ನು ಒಂದೆಡೆ ಇಡುತ್ತದೆ. ಜನನ ನೋಂದಣಿಗೆ ಅಂಥದ್ದೊಂದು ಮನೆ ಇನ್ನೂ ಆಗಬೇಕು.

ರಾತ್ರಿಪಾಳಿ
ಗಡಿ ದಾಟುವವರ ಮಾತು ಸರಿ. ನೋಂದಣಿಯೇ ಆಗದವರ ಮಾತು? ಯುನಿಸೆಫ್ 2024ರ ಲೆಕ್ಕದ ಪ್ರಕಾರ ಐದು ವರ್ಷದೊಳಗಿನ ಸುಮಾರು 15 ಕೋಟಿ ಮಕ್ಕಳ ಜನನ ನೋಂದಣಿಯೇ ಆಗಿಲ್ಲ. ನೋಂದಣಿ ಆಗಿಯೂ ಕೈಯಲ್ಲಿ ಪ್ರಮಾಣಪತ್ರ ಇಲ್ಲದವರು ಇನ್ನೂ 5 ಕೋಟಿಗೂ ಹೆಚ್ಚು. ಇವರ ತಾಯಂದಿರಿಗೆ ಫೋನೇ ಇಲ್ಲ ಅಂದುಕೊಳ್ಳಿ, ವಾಲೆಟ್ ಎಲ್ಲಿಂದ ಬರಬೇಕು?

ಸೊನ್ನೆಒಂದು
ಆ 5 ಕೋಟಿಗೆ ಇದರಿಂದ ಸಹಾಯ ಆಗಬಹುದು. ಮತ್ತೆ ಕಚೇರಿಗೆ ಬರದೆ ಪತ್ರ ತಲುಪಿಸಬಹುದಲ್ಲ. 15 ಕೋಟಿಗೆ ಏನೂ ಆಗದು, ಅವರಿಗೆ ಬೇಕಿರುವುದು ಹತ್ತಿರದಲ್ಲೊಬ್ಬ ನೋಂದಣಾಧಿಕಾರಿ.

ಕರಿಕೋಟು
ಅದರ ಇನ್ನೊಂದು ಮುಖವನ್ನೂ ನೋಡಿ. ಭಾರತದಲ್ಲಿ ಜನನ ಮರಣ ನೋಂದಣಿ ಕಾಯ್ದೆಯ 2023ರ ತಿದ್ದುಪಡಿ ಆ ವರ್ಷ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಅಂದಿನಿಂದ ಹುಟ್ಟಿದವರಿಗೆ ಶಾಲೆ, ಮತದಾರರ ಪಟ್ಟಿ, ಲೈಸೆನ್ಸ್, ಸರ್ಕಾರಿ ಕೆಲಸ ಎಲ್ಲಕ್ಕೂ ಹುಟ್ಟಿದ ದಿನ, ಜಾಗಕ್ಕೆ ಜನನ ಪ್ರಮಾಣಪತ್ರವೇ ಪುರಾವೆ. ಒಂದೇ ಪತ್ರಕ್ಕೆ ಇಷ್ಟು ಭಾರ ಹಾಕಿದ ಮೇಲೆ ಅದರಲ್ಲೊಂದು ತಪ್ಪಿದ್ದರೆ ಎಲ್ಲ ಬಾಗಿಲೂ ಒಟ್ಟಿಗೆ ಮುಚ್ಚುತ್ತವೆ. ತಿದ್ದುಪಡಿಯ ಕೌಂಟರ್ ಕೂಡ ಅಷ್ಟೇ ಚುರುಕಾಗಬೇಕು.

ಕಡತಪ್ರಿಯೆ
ಮುಂದಿನ ಮೀಟಿಂಗ್‌ನಲ್ಲಿ ಕೇಳಲು ಇಷ್ಟು ಬರೆದುಕೊಂಡೆ: ರಿಜಿಸ್ಟರ್ ತಿದ್ದಿದ ಮೇಲೆ ಎಷ್ಟು ಹೊತ್ತಿಗೆ ನನ್ನ ಪರದೆಗೆ ಗೊತ್ತಾಗುತ್ತದೆ? ಹೆಸರು ಹೊಂದದಿದ್ದರೆ ಆ್ಯಪ್ ಹೇಳಿದ್ದೇ ಅಂತಿಮವಾ, ನನ್ನ ಕಣ್ಣಿಗೂ ಬೆಲೆ ಇದೆಯಾ? ಮರುಸಹಿಗೆ ದುಡ್ಡು ಯಾರದು? ಕಾಗದ ತಂದವರನ್ನು ವಾಪಸ್ ಕಳಿಸುವುದಿಲ್ಲ ಅಂತ ಬರೆದುಕೊಡುತ್ತಾರಾ?

ಮೂರನೇಸಾಲು
ಕೊನೆಯದನ್ನು ಮೊದಲು ಕೇಳಿ.

ರಾತ್ರಿಪಾಳಿ
ಇನ್ನೊಂದನ್ನೂ ಸೇರಿಸಿಕೊಳ್ಳಿ. ಅವಳಿ ಮಕ್ಕಳು. ಅದೇ ತಾಯಿ, ಅದೇ ತಂದೆ, ಅದೇ ದಿನ, ಅದೇ ಆಸ್ಪತ್ರೆ, ಇಬ್ಬರೂ ಹೆಣ್ಣು, ಇಬ್ಬರಿಗೂ ಹೆಸರಿಲ್ಲ. ನಾವು ಎರಡನೆಯದನ್ನು ಕಂಪ್ಯೂಟರಿಗೆ ಹಾಕಿದರೆ "ಈ ದಾಖಲೆ ಈಗಾಗಲೇ ಇದೆ" ಅಂತ ಕೆಂಪು ಅಕ್ಷರ ಬರುತ್ತದೆ. ನಾನೇ ನೋಡಿದ್ದೇನೆ.

ಬೇರುಹುಡುಕಿ
ಇಂಗ್ಲೆಂಡ್‌ನಲ್ಲಿ ಸಾಮಾನ್ಯವಾಗಿ ಹುಟ್ಟಿದ ಸಮಯ ಬರೆಯುವುದಿಲ್ಲ, ಅವಳಿ ಇದ್ದರೆ ಮಾತ್ರ ಬರೆಯುತ್ತಾರೆ. ಹಳೆಯ ರಿಜಿಸ್ಟರ್‌ನಲ್ಲಿ ಸಮಯ ಕಂಡರೆ ನಾವು ತಕ್ಷಣ ಇನ್ನೊಂದು ಮಗುವನ್ನು ಹುಡುಕಲು ಶುರುಮಾಡುತ್ತೇವೆ.

ಸೊನ್ನೆಒಂದು
ಪ್ರತಿ ದಾಖಲೆಗೂ ಬೇರೆ ನೋಂದಣಿ ಸಂಖ್ಯೆ ಇದ್ದರೆ ಆ ತೊಂದರೆ ಬರಬಾರದಲ್ಲ ಮೇಡಂ?

ರಾತ್ರಿಪಾಳಿ
ಸಂಖ್ಯೆ ಬರುವುದು ಅದು ಒಪ್ಪಿಕೊಂಡ ಮೇಲೆ. ಒಪ್ಪಿಕೊಳ್ಳುವುದೇ ಇಲ್ಲ. ಆ ರಾತ್ರಿ ಒಂದು ಮಗುವಿನ ಸಮಯ ಎರಡು ನಿಮಿಷ ಮುಂದೆ ಹಾಕಿ ನೋಡಿದೆವು, ಆಗಲೂ ಬೇಡ ಅಂದಿತು.